ಸಾಲದ ಸಾಹೇಬರ ಬುದ್ಧಿವಾದ

ಹೆಂಗಸರಿಗೆ ಸಣ್ಣ ಸಾಲ ಕೊಡಿಸಿ ಸ್ವಂತ ಕಾಲಿನ ಮೇಲೆ ನಿಲ್ಲಿಸುವುದು ಸಾಹೇಬರ ಉದ್ಯೋಗ. ಎಲ್ಲರೂ ಅವರನ್ನು ಸಾಲದ ಸಾಹೇಬರು ಎನ್ನುತ್ತಿದ್ದರು. ಅವರು ಭಾಷಣಕ್ಕೆ ನಿಂತರೆ ಫ್ಯಾನು ಕೂಡ ತಿರುಗುವುದನ್ನು ಬಿಟ್ಟು ಕೇಳುತ್ತಿತ್ತು (ಕರೆಂಟು ಹೋಗಿರುತ್ತಿತ್ತು, ಆ ಮಾತು ಬೇರೆ). "ಗಂಡ ಅಡ್ಡ ಬಂದ್ರೆ ನನಗೆ ಹೇಳಿ. ಮನೆಗೇ ಬಂದು ಬುದ್ಧಿ ಹೇಳ್ತೀನಿ" ಎಂದು ಅಭಯ ನೀಡಿ ಕೂರುತ್ತಿದ್ದರು.

ಒಂದು ಬೆಳಿಗ್ಗೆ ಅವರ ಹೆಂಡತಿ, "ಹೆಂಗಸರ ಸಂಘದಲ್ಲಿ ಸಾಲ ತಗೊಂಡು ಮುಂದಿನ ಕೋಣೇಲಿ ದಿಂಬು ಹೊಲೀತೀನಿ ಕಣ್ರೀ" ಎಂದಳು.

ಮುಂದಿನ ಕೋಣೆಯೆಂದರೆ ಸಾಹೇಬರ ಬೆತ್ತದ ಕುರ್ಚಿಯ ಸಾಮ್ರಾಜ್ಯ. "ಮನೆ ತುಂಬ ಹತ್ತಿ ಹಾರಾಡಿದ್ರೆ ನಾನೆಲ್ಲಿ ಪೇಪರ್ ಓದಲಿ? ಸಾಲಗೀಲ ಏನೂ ಬೇಡ" ಎಂದು ಅಪ್ಪಣೆ ಕೊಡಿಸಿದರು. ಹೆಂಡತಿ ನಗುನಗುತ್ತ ಇನ್ನೊಂದು ಲೋಟ ಕಾಫಿ ತಂದಿಟ್ಟಳು. ಆಗಲೇ ಹೆದರಬೇಕಿತ್ತು. ಅವರು ಗೆದ್ದೆನೆಂದುಕೊಂಡು ಕಾಲು ಚಾಚಿದರು.

ಮುಂದಿನ ವಾರ, ಸಾಬೂನು ತಯಾರಿಸುವ ಸಂಘದ ಮುಖಂಡೆ, ಎಲ್ಲರ ಬಾಯಲ್ಲೂ ಸೋಪಕ್ಕ, ಇಬ್ಬರು ಹೆಂಗಸರನ್ನು ಕಟ್ಟಿಕೊಂಡು ಆಫೀಸಿಗೆ ಬಂದಳು. "ಸಾಹೇಬ್ರೇ, ಹೊಸದಾಗಿ ಸೇರಿದವಳೊಬ್ಬಳ ಗಂಡ ಬಿಲ್‌ಕುಲ್ ಒಪ್ತಿಲ್ವಂತೆ. ಮನೆಗೆ ಬಂದು ನಾಲ್ಕು ಮಾತು ಹೇಳ್ಬೇಕು ನೀವು."

ಸಾಹೇಬರು ಕಾಲರ್ ಸರಿಮಾಡಿಕೊಂಡು ಹೊರಟರು. ಮನಸ್ಸಿನಲ್ಲೇ ಭಾಷಣ ಮಸೆಯುತ್ತ ನಡೆದವರಿಗೆ ತಮ್ಮದೇ ಬೀದಿ ಬಂದದ್ದು ಕಂಡು ಒಳಗೊಳಗೇ ಖುಷಿಯಾಯಿತು. ಪಕ್ಕದ ಮನೆಯ ಗಡಿಯಾರ ರಿಪೇರಿಯವನೇ ಇರಬೇಕು, ಶುದ್ಧ ಮೊಂಡ. ಆದರೆ ಸೋಪಕ್ಕ ಗಡಿಯಾರದವನ ಗೇಟು ದಾಟಿ, ಸಾಹೇಬರ ಬಾಗಿಲನ್ನೇ ತಟ್ಟಿದಳು.

ಬಾಗಿಲು ತೆರೆದ ಹೆಂಡತಿ ಗಂಡನನ್ನು ನೆಟ್ಟಗೆ ನೋಡಿದಳು. "ಬನ್ನಿ ಸಾರ್, ಕೂತ್ಕೊಳ್ಳಿ. ನಮ್ಮನೆಯವ್ರು ಇನ್ನೂ ಆಫೀಸಿಂದ ಬಂದಿಲ್ಲ."

ಸಾಹೇಬರು ತಮ್ಮದೇ ಕುರ್ಚಿಯ ತುದಿಯಲ್ಲಿ ಅತಿಥಿಯಂತೆ ಕೂತರು.

"ಅವನು ಬರೋ ಅಷ್ಟರಲ್ಲಿ ಏನು ಹೇಳ್ತೀರಿ ಅಂತ ನಮಗೊಂದ್ಸಲ ಹೇಳಿ" ಎಂದಳು ಸೋಪಕ್ಕ.

"ಅದು... ಹೆಂಡತಿ ದುಡಿದ್ರೆ ಮನೆಗೇ ಒಳ್ಳೇದು..."

"ಅಷ್ಟು ಮೆತ್ತಗೆ ಹೇಳಿದ್ರೆ ಅವರಿಗೆ ನಾಟೋದಿಲ್ಲ ಸಾರ್" ಎಂದಳು ಹೆಂಡತಿ.

"ನಾಟಿದೆ" ಎಂದರು ಸಾಹೇಬರು. "ಅವನು ಒಪ್ಪಿದ ಅಂತಲೇ ತಿಳ್ಕೊಳ್ಳಿ."

"ನೋಡದೇ ಹೇಗೆ ಹೇಳ್ತೀರಿ?" ಎಂದು ಸೋಪಕ್ಕ ಕೇಳುವಷ್ಟರಲ್ಲಿ ಒಳಗಿನಿಂದ ಸಾಹೇಬರ ತಾಯಿ ಬಂದು, "ಯಾಕೋ ಮಗನೇ ಇಷ್ಟು ಬೇಗ ಬಂದೆ, ಮೈ ಸರಿ ಇಲ್ವಾ?" ಎಂದರು.

ಸೋಪಕ್ಕ ತಾಯಿಯನ್ನು ನೋಡಿದಳು, ಮಗನನ್ನು ನೋಡಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬಂದಿದ್ದ ಮೂವರು ಹೆಂಗಸರೂ ಗೋಡೆ ಹಿಡಿದು ನಕ್ಕರು. ಹೆಂಡತಿ ಮಾತ್ರ ನಗಲಿಲ್ಲ. "ಸಾರ್, ಕುರ್ಚಿ ಸ್ವಲ್ಪ ಆ ಕಡೆ ಸರಿಸಿ. ಹೊಲಿಗೆ ಮೆಷಿನ್ ಇಲ್ಲಿಗೆ ಬರುತ್ತೆ" ಎಂದಳು.

ದಿಂಬುಗಳು ಚೆನ್ನಾಗಿಯೇ ಖರ್ಚಾದವು. ಭಾನುವಾರಗಳಂದು ಹತ್ತಿ ತುಂಬುವ ಖಾತೆ ಸಾಹೇಬರಿಗೇ ಬಂತು. ಸುದ್ದಿ ತಿಳಿದ ಆಫೀಸಿನ ಮ್ಯಾನೇಜರು ಹತ್ತಿಯ ರಾಶಿಯ ನಡುವೆ ಅವರ ಫೋಟೋ ತೆಗೆಸಿ, ದೊಡ್ಡದು ಮಾಡಿಸಿ, 'ಮನಸ್ಸು ಬದಲಾಯಿಸಿದ ಗಂಡ' ಎಂದು ಬರೆಸಿ ಸಭಾಂಗಣದಲ್ಲಿ ತೂಗುಹಾಕಿದರು. ತಲೆ, ಹುಬ್ಬು, ಮೀಸೆ, ಎಲ್ಲದರ ಮೇಲೂ ಹತ್ತಿ.

ಒಂದು ದಿನ ಆ ಫೋಟೋದ ಕೆಳಗೆ ಭಾಷಣ ಮುಗಿಸಿ ಇಳಿದ ಸಾಹೇಬರನ್ನು ಹೊಸಬಳೊಬ್ಬಳು ತಡೆದು ಕೇಳಿದಳು: "ಸಾಹೇಬ್ರೇ, ಆ ಫೋಟೋದಲ್ಲಿರೋರು ನಿಮ್ಮ ತಂದೆಯವ್ರಾ? ಪಾಪ, ಆ ವಯಸ್ಸಲ್ಲಾದ್ರೂ ಬುದ್ಧಿ ಬಂತಲ್ಲ."

ಸಾಹೇಬರು ಫೋಟೋದತ್ತ ತಿರುಗಿ ನೋಡಿದರು. "ಹೌದಮ್ಮಾ, ಸ್ವಲ್ಪ ತಡವಾಯ್ತು" ಎಂದರು.