ಹದಿನಾಲ್ಕಕ್ಕೆ ಹದಿನಾಲ್ಕೂ ಹೆಣ್ಣು!

ಮೊಟ್ಟೆಯೊಡೆದು ಹೊರಬಂದ ಕೋಳಿಮರಿಯನ್ನು ದೂರದಿಂದ ನೋಡಿಯೇ ಅದು ಗಂಡೋ ಹೆಣ್ಣೋ ಹೇಳಿಬಿಡುತ್ತೇನೆ ಎಂದು ನಾನು ಘೋಷಿಸಿದಾಗ, ನನ್ನ ಹೆಂಡತಿ ಹೆರಿಗೆ ವಾರ್ಡಿನಲ್ಲಿ ರಾತ್ರಿ ಪಾಳಿ ಮುಗಿಸಿ ಆಗತಾನೇ ಮನೆಗೆ ಬಂದಿದ್ದಳು. ಆಕೆ ನರ್ಸು.

“ನಾವು ಮಗೂನ ಎತ್ತಿ ನೋಡಿ ಹೇಳ್ತೀವಿ. ನೀವು ಹೇಗೆ ಹೇಳ್ತೀರಿ?”

“ಬಣ್ಣ ನೋಡಿ!”

“ಸರಿ. ನಾನು ಮಲಗ್ತೀನಿ, ಎಬ್ಬಿಸಬೇಡಿ.”

ಅಲಕ್ಷ್ಯಕ್ಕೂ ಒಂದು ಮಿತಿ ಬೇಡವೇ? ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಅರೆದು ಕುಡಿಸಿದವನು ನಾನು! ಹಿಂದಿನ ವರ್ಷ ಸಾಕಲು ತಂದ ಆರು ಮರಿಗಳಲ್ಲಿ ಐದು ಹುಂಜಗಳಾಗಿ, ಅವಕ್ಕೆ ಕಾಳು ಹಾಕುತ್ತ ನಾವು ಅಂಗಡಿಯಿಂದ ಮೊಟ್ಟೆ ತಂದು ತಿಂದಿದ್ದೆವು. ಅಂಥ ಅವಮಾನ ಮತ್ತೆ ಆಗಕೂಡದು. ಬಿಳಿ ಬಣ್ಣದ್ದನ್ನೂ ಕೆಂಪು ಬಣ್ಣದ್ದನ್ನೂ ಕೂಡಿಸಿದರೆ ಮರಿಗಳ ಲಿಂಗ ಬಣ್ಣದಲ್ಲೇ ತಿಳಿಯುತ್ತದೆ, ಹೆಣ್ಣುಗಳು ದಂಡಿಯಾಗಿ ಮೊಟ್ಟೆ ಇಡುತ್ತವೆ ಎಂದು ಒಂದು ಪತ್ರಿಕೆಯಲ್ಲಿ ಓದಿದೆ. ಅರ್ಧ ಓದಿದೆ. ಉಳಿದರ್ಧ ನನಗೆ ಗೊತ್ತಿಲ್ಲದ್ದೇ?

ಹಿತ್ತಿಲಲ್ಲಿ ಮೂರು ಕೆಂಪು ಹೇಂಟೆಗಳಿದ್ದವು. ಕ್ಷೌರಿಕನ ಹತ್ತಿರ ಬಿಳಿ ಮೈ, ಕಪ್ಪು ಕೊರಳಿನ ಹುಂಜವೊಂದಿತ್ತು. ತಂದು ಬಿಟ್ಟೆ. ಕಾಗದದಲ್ಲಿ ತಳಿಶಾಸ್ತ್ರದ ಚೌಕ ಎಳೆದು ಲೆಕ್ಕ ಹಾಕಿದೆ: ತಂದೆಯ ಬಿಳಿ ಬಣ್ಣ ಬಂದ ಮರಿ ಹುಟ್ಟುವಾಗ ತಿಳಿಹಳದಿ, ಅದು ಹೆಣ್ಣು; ಕೆಂಪು ಮರಿ ಗಂಡು. ಆ ಚೌಕವನ್ನು ಹತ್ತನೇ ತರಗತಿಯ ಬೋರ್ಡಿನ ಮೇಲೂ ಬರೆದು, “ಬರ್ಕೊಳ್ಳಿ, ಇದು ಯಾವ ಪುಸ್ತಕದಲ್ಲೂ ಸಿಗಲ್ಲ” ಎಂದೆ. ನಿಜವಾಗಿಯೂ ಯಾವ ಪುಸ್ತಕದಲ್ಲೂ ಇರಲಿಲ್ಲ!

ಮೊಟ್ಟೆಗಳನ್ನು ಒಂದು ಹೇಂಟೆಯಡಿ ಕಾವಿಗಿಟ್ಟೆ. ಇಪ್ಪತ್ತೊಂದನೇ ದಿನ ಬೆಳಿಗ್ಗೆ ಬುಟ್ಟಿಯೊಳಗೆ ಇಣುಕಿದವನು ಕುಣಿದಾಡಿಬಿಟ್ಟೆ.

“ಹದಿನಾಲ್ಕಕ್ಕೆ ಹದಿನಾಲ್ಕೂ ಹಳದಿ! ಎಲ್ಲವೂ ಹೆಣ್ಣು ಕಣೇ!”

“ನಮ್ಮ ವಾರ್ಡಲ್ಲಿ ಸಾಲಾಗಿ ಹದಿನಾಲ್ಕು ಹೆಣ್ಣು ಹುಟ್ಟಿದ್ದು ನಾನಂತೂ ನೋಡಿಲ್ಲ,” ಎಂದಳು ಹೆಂಡತಿ.

“ಅದಕ್ಕೇ ಇದನ್ನ ವಿಜ್ಞಾನ ಅನ್ನೋದು.”

ಮುಖ್ಯೋಪಾಧ್ಯಾಯಿನಿಗೆ ಮೂರು ಮರಿ ಕೊಟ್ಟೆ, ಹುಂಜದ ಋಣಕ್ಕೆ ಕ್ಷೌರಿಕನಿಗೆ ಎರಡು. ಒಂಬತ್ತು ನಮಗೆ. ಒಂದೂವರೆ ತಿಂಗಳಿಗೆ ಕೆಲವು ಮರಿಗಳ ಜುಟ್ಟು ಕೆಂಪೇರಿತು. “ಆರೋಗ್ಯ ಚೆನ್ನಾಗಿದೆ,” ಎಂದೆ. ಬಾಲದ ಗರಿ ಕತ್ತಿಯಂತೆ ಬಾಗಿತು. “ಒಳ್ಳೇ ತಳಿ,” ಎಂದೆ. ಮೂರು ತಿಂಗಳಾಗುವ ಹೊತ್ತಿಗೆ ಒಂದು ಬೇಲಿ ಹತ್ತಿ, ಕತ್ತು ಚಾಚಿ, ತುಕ್ಕು ಹಿಡಿದ ಬಾಗಿಲು ತೆರೆದಂತೆ ಕೂಗಿತು. ನಾನು ಕಿಟಕಿ ಮುಚ್ಚಿದೆ.

ಒಂಬತ್ತರಲ್ಲಿ ಏಳು ಹುಂಜ! ಏಳೂ ಬೆಳಿಗ್ಗೆ ಎಂಟಕ್ಕೆ, ಸರಿಯಾಗಿ ನನ್ನ ಹೆಂಡತಿ ತಲೆದಿಂಬಿಗೆ ತಲೆ ಕೊಟ್ಟ ಹೊತ್ತಿಗೆ, ಕಿಟಕಿಯ ಕೆಳಗೆ ಕಚೇರಿ ಶುರುಮಾಡುತ್ತಿದ್ದವು. ಆಕೆ ಕಿವಿಗೆ ಹತ್ತಿ ತುರುಕಿಕೊಂಡಳು. ಅಡುಗೆಮನೆಗೆ ಹೋಗಿ ಪಾತ್ರೆಗಳ ನಡುವೆ ಚಾಪೆ ಹಾಸಿದಳು. ಹತ್ತನೇ ದಿನ ಒಲೆಯ ಮುಂದೆ ನಿಂತಲ್ಲೇ ತೂಕಡಿಸಿ ಕೈ ಸುಟ್ಟುಕೊಂಡಳು. ಮುಲಾಮು ಹಚ್ಚಲು ಹೋದೆ. ಕೈ ಎಳೆದುಕೊಂಡು ಚೀಲಕ್ಕೆ ಬಟ್ಟೆ ತುಂಬಿದಳು.

“ಎಲ್ಲಿಗೆ?”

“ವಾರ್ಡಿನ ವಿಶ್ರಾಂತಿ ಕೋಣೆಗೆ. ಅಲ್ಲಿ ಇಪ್ಪತ್ತು ಕೂಸು ಒಟ್ಟಿಗೆ ಅತ್ತರೂ ನನಗೆ ನಿದ್ದೆ ಬರತ್ತೆ.”

ಮನೆ ಬಿಕೋ ಎಂದಿತು ಎನ್ನೋಣವೆಂದರೆ ಅದಕ್ಕೂ ಹುಂಜಗಳು ಬಿಡಲಿಲ್ಲ. ಎರಡು ದಿನ ಬರೀ ಬ್ರೆಡ್ಡು ತಿಂದೆ. ಇಷ್ಟು ವರ್ಷ ಕಲಿತದ್ದೆಲ್ಲ ಸುಳ್ಳೇನೋ ಎಂಬ ಭಯ ಹಿಡಿಯಿತು. ಕೊನೆಗೆ ಕಾಗದದ ಚೌಕವನ್ನು ಮಡಚಿಕೊಂಡು ಪಶುವೈದ್ಯರ ಹತ್ತಿರ ಹೋದೆ. ಅವರು ಅದನ್ನು ನೋಡಿ ಕನ್ನಡಕ ತೆಗೆದಿಟ್ಟು ಕಣ್ಣೊರೆಸಿಕೊಂಡರು. ಅತ್ತಿದ್ದಲ್ಲ, ನಕ್ಕಿದ್ದು.

“ಮೇಷ್ಟ್ರೇ, ಇದು ಮನುಷ್ಯರ ಲೆಕ್ಕ! ನಮ್ಮಲ್ಲಿ ಗಂಡೋ ಹೆಣ್ಣೋ ಅನ್ನೋದು ತಂದೆಯಿಂದ ನಿರ್ಧಾರ ಆಗತ್ತೆ. ಹಕ್ಕಿಗಳಲ್ಲಿ ತಾಯಿಯಿಂದ. ಕೆಂಪು ಹುಂಜ, ಬಿಳಿ ಹೇಂಟೆ ಇದ್ದಿದ್ರೆ ಹೆಣ್ಣುಮರಿ ಕೆಂಪು, ಗಂಡು ಹಳದಿ ಆಗ್ತಿತ್ತು. ನೀವು ಜೋಡಿ ತಿರುಗಾಮುರುಗಾ ಮಾಡಿದ್ದೀರಿ. ಹೀಗಾದ್ರೆ ಗಂಡೂ ಹಳದಿ, ಹೆಣ್ಣೂ ಹಳದಿ!”

ಪುಣ್ಯಾತ್ಮರು, ಏಳು ಹುಂಜಗಳನ್ನೂ ತಮ್ಮ ತೋಟಕ್ಕೆ ಸಾಗಿಸಿಕೊಂಡರು. ನಾನು ನೇರ ಆಸ್ಪತ್ರೆಗೆ ಓಡಿದೆ. ಹೆಂಡತಿ ಪೂರ್ತಿ ಕೇಳಿಸಿಕೊಂಡಳು. ನಗಲಿಲ್ಲ. ಅದಕ್ಕೇ ಹೆದರಿಕೆಯಾದದ್ದು.

“ಇದನ್ನೇ ಮಕ್ಕಳಿಗೂ ಪಾಠ ಮಾಡಿದ್ರಿ ಅಲ್ವಾ?”

“ಮಾಡಿದೆ.”

“ಮೊದಲು ಅವರ ಮುಂದೆ ತಪ್ಪಾಯ್ತು ಅನ್ನಿ. ನಾನು ಸಂಜೆ ಮನೆಗೆ ಬರ್ತೀನಿ.”

ಹತ್ತನೇ ತರಗತಿಯ ಬಾಗಿಲು ದಾಟಿದೆ. ಬೋರ್ಡಿನ ಮೇಲೆ ಹಳೆಯ ಚೌಕ ಬರೆದೆ. ಅಡ್ಡಗೀಟು ಎಳೆದೆ. “ನಾನು ಹೇಳಿಕೊಟ್ಟದ್ದು ತಪ್ಪು. ಕೋಳಿಗಳಲ್ಲಿ ಮರಿಯ ಲಿಂಗ ನಿರ್ಧಾರವಾಗುವುದು ತಾಯಿಯಿಂದ,” ಎಂದೆ. ಯಾರೂ ನಗಲಿಲ್ಲ. ಎಷ್ಟು ಒಳ್ಳೆಯ ಮಕ್ಕಳು ಎಂದು ಕಣ್ಣು ತುಂಬಿ ಬರುವುದರಲ್ಲಿತ್ತು, ಅಷ್ಟರಲ್ಲಿ ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಕೈಯಲ್ಲಿ ಕಳೆದ ಕಿರುಪರೀಕ್ಷೆಯ ಉತ್ತರಪತ್ರಿಕೆ.

“ಸರ್, ಕೋಳಿ ಪ್ರಶ್ನೆಗೆ ನಾನು ತಾಯಿ ಅಂತಾನೇ ಬರ್ದಿದ್ದೆ.”

ಆ ಉತ್ತರಕ್ಕೆ ನಾನೇ ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆದು, ‘ತಲೆ ಉಪಯೋಗಿಸು’ ಎಂದು ಬರೆದು, ಪಕ್ಕದಲ್ಲಿ ಒಂದು ದೊಡ್ಡ ಸೊನ್ನೆ ಸುತ್ತಿದ್ದೆ. ದುಂಡಗೆ, ನುಣ್ಣಗೆ. ಇಷ್ಟೆಲ್ಲ ಪಾಡು ಪಟ್ಟು ಹುಟ್ಟಿಸಿದ ಹೊಸ ತಳಿಯ ಹೆಸರಿನಲ್ಲಿ ಹೊರಬಿದ್ದ ಮೊಟ್ಟಮೊದಲ ಮೊಟ್ಟೆ. ಅದನ್ನು ಇಟ್ಟವನು ನಾನೇ!