ತೇಗಿನಗಟ್ಟಿ ಪುರಸಭೆಯ ಕಾಯಂ ಸಾರ್ವಜನಿಕರು

ತೇಗಿನಗಟ್ಟಿ ಪುರಸಭೆಯ ಆಡಳಿತದಲ್ಲಿ ಯಾವ ಮುಚ್ಚುಮರೆಯೂ ಇರಲಿಲ್ಲವೆಂಬುದನ್ನು ಮೊದಲಿಗೇ ದಾಖಲಿಸುವುದು ಯುಕ್ತ. ಅದರ ಸಭೆಗಳು ತಿಂಗಳಿಗೊಮ್ಮೆ ತಪ್ಪದೆ ಜರುಗುತ್ತಿದ್ದವು. ಅಧ್ಯಕ್ಷರಾದ ಶೇಖಪ್ಪ ಸಾವಕಾರರ ಅಕ್ಕಿ ಗಿರಣಿಯಲ್ಲಿ, ಯಂತ್ರ ಓಡುತ್ತಿರುವಾಗಲೇ, ಬಾಗಿಲು ತೆರೆದಿಟ್ಟುಕೊಂಡೇ ಜರುಗುತ್ತಿದ್ದವು. ಯಾರು ಬೇಕಾದರೂ ಬಂದು ಕೇಳಬಹುದಿತ್ತು. ಸದ್ದಿನಲ್ಲಿ ಒಂದಕ್ಷರವೂ ಕಿವಿಗೆ ಬೀಳುತ್ತಿರಲಿಲ್ಲವೆಂದರೆ ಅದು ಯಂತ್ರದ ದೋಷವೇ ಹೊರತು ಆಡಳಿತದ್ದಲ್ಲ.

೧೯೬೬ರ ಬೇಸಿಗೆಯಲ್ಲಿ ದಾಂಡೇಲಿ ಬಸ್ಸಿನ ಟಪಾಲು ಚೀಲದೊಳಗಿಂದ ಒಂದು ಸುತ್ತೋಲೆ ಹೊರಬಿತ್ತು. ಇನ್ನು ಮೇಲೆ ಸಭೆಗಳು ಪುರಸಭೆಯ ಕಟ್ಟಡದಲ್ಲಿಯೇ ನಡೆಯತಕ್ಕದ್ದು. ಠರಾವು ಪುಸ್ತಕವನ್ನು ಸಾರ್ವಜನಿಕರಿಗೆ ಕಾಣುವಂತೆ ತೆರೆದಿಡತಕ್ಕದ್ದು. ಸಾರ್ವಜನಿಕರು ಹಾಜರಿಲ್ಲದ ಸಭೆಯನ್ನು ಸಭೆಯೆಂದು ಪರಿಗಣಿಸಲಾಗದು, ಅದಕ್ಕೆ ಸದಸ್ಯರ ಭತ್ತೆಯೂ ಸಲ್ಲದು. ಮೊದಲ ಎರಡು ಕಲಮುಗಳನ್ನು ಓದುವಾಗ ತೂಕಡಿಸುತ್ತಿದ್ದ ಸದಸ್ಯರು ಮೂರನೆಯದಕ್ಕೆ ನೆಟ್ಟಗೆ ಕುಳಿತರು.

ಹೆಡ್ ಕಾರಕೂನ ಅಡಿವೆಯ್ಯನವರು ನಿಯಮವನ್ನು ದೇವರಂತೆ ಕಾಣುವವರು. ಅವರು ಅಂದೇ ಗಾಜಿನ ಕಪಾಟೊಂದನ್ನು ತರಿಸಿ, ಠರಾವು ಪುಸ್ತಕವನ್ನು ತೆರೆದು ಅದರೊಳಗಿಟ್ಟು ಬೀಗ ಹಾಕಿದರು. ತೆರೆದ ಪುಟದಲ್ಲಿ ಮಾಜಿ ಅಧ್ಯಕ್ಷರೊಬ್ಬರ ನಿಧನಕ್ಕೆ ಸೂಚಿಸಿದ ಸಂತಾಪವಿತ್ತು. ಕಚೇರಿಯ ವೇಳೆಯಲ್ಲಿ ಯಾರು ಬೇಕಾದರೂ ಬಂದು ಆ ಸಂತಾಪವನ್ನು ಓದಬಹುದಿತ್ತು. ಹಾಳೆ ತಿರುವಬೇಕೆಂದವರು ಅರ್ಜಿ ಕೊಡಬೇಕು, ಅರ್ಜಿ ಸಭೆಯ ಮುಂದೆ ಬರಬೇಕು.

ಆದರೆ ಸಭೆಯ ಮುಂದೆ ಬರಬೇಕಾದ ಸಾರ್ವಜನಿಕರೇ ಬರಲಿಲ್ಲ. ನೋಟೀಸನ್ನು ಪದ್ಧತಿಯಂತೆ ಕಚೇರಿಯ ಒಳಕೋಣೆಯ ಗೋಡೆಗೆ ಹಚ್ಚಿದ್ದರು. ಸಭೆಯ ದಿನ ಚಹ ಆರಿತು, ಮಿರ್ಚಿ ಭಜಿ ಮೆತ್ತಗಾಯಿತು, ಸಾವಕಾರರು ಗಡಿಯಾರ ನೋಡಿದರು. ಕೊನೆಗೆ ಪಟ್ಟೆವಾಲಾ ಮಲಕಪ್ಪನಿಗೆ, "ಹೋಗಲೇ, ಯಾರರ ಒಬ್ಬ ಸಾರ್ವಜನಿಕನ್ನ ಹಿಡಕೊಂಡ ಬಾ" ಎಂದು ಅಪ್ಪಣೆಯಾಯಿತು. ಮಲಕಪ್ಪ ಪೇಟೆಗೆ ಬಂದದ್ದನ್ನು ಕಂಡ ಕೂಡಲೇ ಪೇಟೆ ಖಾಲಿಯಾಯಿತು. ಅವನು ಬಂದಾಗಲೆಲ್ಲ ಮನೆಪಟ್ಟಿಯ ಬಾಕಿ ಕೇಳುತ್ತಿದ್ದ. ಊರಿನವರಿಗೆ ಬೇರೆ ಅನುಭವವಿರಲಿಲ್ಲ.

ಅಂಥ ಹೊತ್ತಿನಲ್ಲಿ, ಯಾರೂ ಕರೆಯದೆ, ತಾನಾಗಿಯೇ ನಡೆದುಕೊಂಡು ಬಂದವಳು ಭಟ್ಟಿ ಓಣಿಯ ಕೆಂಚವ್ವ.

ಕೆಂಚವ್ವ ಚುರಮರಿ, ಅಂದರೆ ಮಂಡಕ್ಕಿ, ಹುರಿಯುವವಳು. ದಾಂಡೇಲಿಯ ಕಾಗದದ ಕಾರಖಾನೆಯಲ್ಲಿ ಪಾಳಿ ಮುಗಿಸಿ ಬರುವವರು ತಿನ್ನುವ ಚುರಮರಿಯಲ್ಲಿ ಅರ್ಧದಷ್ಟು ಅವಳ ಓಣಿಯದು. ಭತ್ತ ನೆನೆಹಾಕಲು, ಕುದಿಸಲು ನೀರು ಬೇಕು, ನೀರಿಗೆ ಕೆರೆಗೆ ಹೋಗಬೇಕು, ಕೆರೆ ಊರಾಚೆ. ಕೊಡ ಹೊತ್ತು ಹೊತ್ತು ಅವಳ ಕುತ್ತಿಗೆ ಒಂದು ಕಡೆಗೆ ವಾಲಿತ್ತು. ಓಣಿಗೆ ಒಂದು ನಳ ಬೇಕೆಂಬುದು ಅವಳ ಒಂದೇ ಆಸೆ. ಅದನ್ನೂ ಅವಳು ಆಸೆ ಎನ್ನುತ್ತಿರಲಿಲ್ಲ, ಬಾಕಿ ಎನ್ನುತ್ತಿದ್ದಳು. ಯಾಕೆಂದರೆ ನಳಕ್ಕೆಂದು ಕೊಳವೆಗಳು ಬಂದದ್ದನ್ನು ಅವಳೇ ಕಣ್ಣಾರೆ ಕಂಡಿದ್ದಳು. ಅವು ಈಗ ಎಲ್ಲಿವೆ ಎಂಬುದನ್ನೂ, ಸಾವಕಾರರ ಗಿರಣಿಗೆ ಭತ್ತ ಒಯ್ದಾಗ ಕಂಡಿದ್ದಳು.

"ಬಾರವ್ವಾ ಬಾ, ಕೂಡ್ರು ಬಾ!" ಎಂದು ಸಾವಕಾರರೇ ಎದ್ದು ಕುರ್ಚಿ ಕೊಟ್ಟಾಗ ಅವಳಿಗೆ ಬಾಗಿಲು ತಪ್ಪಿ ಬಂದೆನೇನೋ ಎನಿಸಿತು. ಚಹ ಬಂತು. ಭಜಿ ಬಂತು. ಅಡಿವೆಯ್ಯನವರು 'ಸಾರ್ವಜನಿಕರು ಹಾಜರು' ಎಂದು ಬರೆದುಕೊಂಡರು.

ಕೆಂಚವ್ವ ಭಜಿ ತಿಂದು ಕೈ ಒರೆಸಿಕೊಂಡು ಕೇಳಿದಳು: "ನಮ್ಮ ಓಣಿ ನಳ ಏನಾತ್ರಿ ಸಾವಕಾರ್ರ?"

ಅಡಿವೆಯ್ಯನವರು ಬೀಗ ತೆಗೆದು ಹಾಳೆ ತಿರುವಿ ನೋಡಿ ಹೇಳಿದರು: "ನಿಮ್ಮ ಓಣಿಗೆ ನಳ ಬಂದು ಮೂರು ವರ್ಷ ಆತಲ್ಲವಾ. ಉದ್ಘಾಟನಾನೂ ಆಗೇತಿ. ಪೇಢೆ ಹಂಚೇವಿ."

"ಯಾರಿಗಿ ಹಂಚಿದ್ರಿ?"

"ಸದಸ್ಯರಿಗಿ."

"ಮತ್ತ ನೀರು?"

"ನೀರಿನ ಬಗ್ಗೆ ಠರಾವಿನಾಗ ಏನೂ ಇಲ್ಲ."

"ಹಂಗಾರ ಆ ಕೊಳವಿ ಸಾವಕಾರ್ರ ಗಿರಣ್ಯಾಗ..." ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ ಅಧ್ಯಕ್ಷರು ಸಭೆ ಬರಖಾಸ್ತು ಮಾಡಿದರು. ಅಂದಿನ ಭತ್ತೆ ಸಂದಿತ್ತು. ಆದರೆ ಮುಂದಿನ ತಿಂಗಳು ಸಾರ್ವಜನಿಕರು ಬೇಕು, ಬಂದರೆ ಇವಳೇ ಬರುತ್ತಾಳೆ, ಬಂದರೆ ಇದನ್ನೇ ಕೇಳುತ್ತಾಳೆ. ಅತ್ತ ದರಿ ಇತ್ತ ಪುಲಿ ಎಂಬಂತಾಯಿತು ಆಡಳಿತದ ಸ್ಥಿತಿ. ದಾರಿ ಕಂಡುಹಿಡಿದವರು ಅಡಿವೆಯ್ಯನವರೇ. ಅಂದಿನ ಸಭೆಯ ಠರಾವುಗಳ ಕೊನೆಗೆ ಇನ್ನೊಂದನ್ನು ಸೇರಿಸಿ ಬರೆದರು. ವಾರದೊಳಗೆ ಕೆಂಚವ್ವನ ಗುಡಿಸಲಿಗೆ ಮೊಹರು ಒತ್ತಿದ ಆದೇಶ ಬಂತು:

'ತೇಗಿನಗಟ್ಟಿ ಪುರಸಭೆಯ ಕಾಯಂ ಸಾರ್ವಜನಿಕರ ಹುದ್ದೆಗೆ ಶ್ರೀಮತಿ ಕೆಂಚವ್ವ, ಸಾಕಿನ್ ಭಟ್ಟಿ ಓಣಿ, ಇವರನ್ನು ನೇಮಿಸಲಾಗಿದೆ. ಸದರಿಯವರು ಪ್ರತಿ ಸಭೆಗೆ ಹಾಜರಿದ್ದು, ಸಾರ್ವಜನಿಕರು ಎಂದು ಬರೆದ ಕುರ್ಚಿಯಲ್ಲಿ ಕುಳಿತುಕೊಳ್ಳತಕ್ಕದ್ದು. ನಿದ್ರೆ ಮಾಡಕೂಡದು. ಸಂಬಳ ಸಭೆಯೊಂದಕ್ಕೆ ರೂಪಾಯಿ ಒಂದು.'

ಓದಿ ಹೇಳಿದ ಮಲಕಪ್ಪ, "ನೌಕರಿ ಹತ್ತಿತಲ್ಲ ಯಕ್ಕಾ!" ಎಂದ. ಕೆಂಚವ್ವ ಹಿಗ್ಗಿದಳು. ಒಳಗೇ ಕುರ್ಚಿ ಸಿಕ್ಕ ಮೇಲೆ ನಳ ಎಷ್ಟು ದೂರ? ಪಕ್ಕದ ಮನೆಯ ಈರಕ್ಕನಿಗೆ, "ಇನ್ನ ಒಂದ ತಿಂಗಳದಾಗ ನಳ ತರ್ತೇನಿ ನೋಡವಾ. ಉಳವಿ ಬಸಪ್ಪನ ಆಣಿ" ಎಂದು ಮಾತು ಕೊಟ್ಟೂಬಿಟ್ಟಳು.

ಮುಂದಿನ ಸಭೆಯಲ್ಲಿ ಅವಳು ಎದ್ದು ನಿಂತ ಕೂಡಲೇ ಅಡಿವೆಯ್ಯನವರು ಹತ್ತಿರ ಬಂದು, ಬಹಳ ಸೌಜನ್ಯದಿಂದ, ಪುರಸಭೆಯ ನೌಕರರು ಪುರಸಭೆಯ ಕಾರಭಾರದ ಬಗ್ಗೆ ಬಹಿರಂಗವಾಗಿ ಮಾತನಾಡಕೂಡದೆಂಬ ನಿಯಮವನ್ನು ಓದಿ ಹೇಳಿದರು.

"ಅಯ್ಯಾರ, ನಾ ಸಾರ್ವಜನಿಕರ ಅಲ್ಲೇನ್ರಿ?"

"ಹೌದವಾ. ಆದ್ರ ಪಗಾರಿ ಸಾರ್ವಜನಿಕರು."

"ಹಂಗಾರ ಕೆಲಸದ ಮ್ಯಾಲ ಇಲ್ಲದಾಗ ಕೇಳ್ತೇನಿ."

"ಕೇಳಬೇ, ಯಾರು ಬ್ಯಾಡಂತಾರ? ಆದ್ರ ನೀ ಕೆಲಸದ ಮ್ಯಾಲ ಇಲ್ಲದಾಗ ಸಭಾ ಇರೂದಿಲ್ಲ."

ಇದರಲ್ಲಿ ಎಲ್ಲಿಯೋ ಮೋಸವಿದೆ ಎಂದು ಕೆಂಚವ್ವನಿಗೆ ಗೊತ್ತಾಯಿತು, ಎಲ್ಲಿ ಎಂದು ಗೊತ್ತಾಗಲಿಲ್ಲ. ಅವಳಿಗೆ ಸಿಟ್ಟು ಬಂತು. ಸಿಟ್ಟು ಬಂದಾಗ ಅವಳು ಮಾತು ಕಡಿಮೆ ಮಾಡಿ ಕೆಲಸ ಹೆಚ್ಚು ಮಾಡುವವಳು. ಮರುತಿಂಗಳು ತನ್ನ ಬದಲು ಈರಕ್ಕನನ್ನು ಕೇಳಲು ಕಳಿಸಿದಳು. ಮಲಕಪ್ಪ ಬಾಗಿಲಲ್ಲಿಯೇ ಕೈ ಅಡ್ಡ ಹಿಡಿದ.

"ನೀ ಯಾರವಾ?"

"ನಾನೂ ಈ ಊರಾಕಿ. ಸಾರ್ವಜನಿಕರಪಾ."

"ಸಾರ್ವಜನಿಕರು ಆಗಲೇ ಒಳಗ ಬಂದು ಕುಂತಾರ. ಇರೂದು ಒಂದ ಹುದ್ದೆ, ಅದು ತುಂಬೇತಿ. ಖಾಲಿ ಆದ್ರ ತಿಳಸ್ತೇವಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬುದು ತಿಳಿದ ಸಂಗತಿ. ಈರಕ್ಕ ಹೊರಳಿ ಬಂದು ಖಾಲಿ ಕೊಡ ತೆಗೆದುಕೊಂಡು ಕೆರೆಗೆ ಹೋದಳು. ಹೋಗುವಾಗ, "ಕುರ್ಚಿ ಸಿಕ್ಕ ಮ್ಯಾಲ ನೀನೂ ಅವರಾಕೇ ಆದಿ ಬಿಡವಾ" ಎಂದಳು. ಆ ಮಾತು ಕೆಂಚವ್ವನಿಗೆ ಚುರ್ರೆಂದಿತು. ಅಂದು ಅವಳು ಹುರಿದ ಚುರಮರಿ ಅರ್ಧಕ್ಕರ್ಧ ಕರಿಕಾಯಿತು.

ಅವಳು ರಜೆ ಕೇಳಿದಳು. ಅಡಿವೆಯ್ಯನವರು ನಿಯಮ ತಿರುವಿಹಾಕಿ ಉತ್ತರ ಕೊಟ್ಟರು: ಸಭೆ ಇಲ್ಲದ ಯಾವ ದಿನವಾದರೂ ಸಾರ್ವಜನಿಕರು ರಜೆ ಪಡೆಯಬಹುದು. ಸಭೆಯ ದಿನ ಮಾತ್ರ ಕೊಡಲಾಗದು, ಸಾರ್ವಜನಿಕರು ರಜೆಯ ಮೇಲಿದ್ದರೆ ಸಭೆಯೇ ಇಲ್ಲವಲ್ಲ. ಈ ಉತ್ತರವನ್ನು ಕೆಂಚವ್ವ ಎರಡು ಸಲ ಹೇಳಿಸಿಕೊಂಡು ಕೇಳಿದಳು. ಎರಡನೆಯ ಸಲಕ್ಕೆ ಅವಳ ಮುಖ ಅರಳಿತು.

ಮುಂದಿನ ಸಭೆಗೆ ಅವಳು ಹೋಗಲೇ ಇಲ್ಲ. ಭಟ್ಟಿಯ ಮುಂದೆ ಕುಳಿತು ಚುರಮರಿ ಹುರಿದಳು.

ಸಭೆ ನಿಂತಿತು. ಭತ್ತೆ ನಿಂತಿತು. ಬೇರೆ ಸಾರ್ವಜನಿಕರನ್ನು ನೇಮಿಸಬೇಕೆಂದರೆ ಠರಾವಾಗಬೇಕು, ಠರಾವಿಗೆ ಸಭೆ ಬೇಕು, ಸಭೆಗೆ ಸಾರ್ವಜನಿಕರು ಬೇಕು. ಮೂರನೆಯ ದಿನ ಶೇಖಪ್ಪ ಸಾವಕಾರರು ಧೋತರದ ಚುಂಗು ಎತ್ತಿಕೊಂಡು, ಹಿಂದೆ ಅಡಿವೆಯ್ಯನವರನ್ನು ಇಟ್ಟುಕೊಂಡು, ಜೀವಮಾನದಲ್ಲಿ ಮೊದಲ ಸಲ ಭಟ್ಟಿ ಓಣಿಗೆ ಕಾಲಿಟ್ಟರು.

"ಏನ ಬೇಕಬೇ ನಿನಗ?"

"ನಳ."

"ನಳ ಐತಲ್ಲ ನಿಮ್ಮ ಓಣ್ಯಾಗ, ಪುಸ್ತಕದಾಗ! ಒಂದ ಓಣಿಗಿ ಎರಡೆರಡ ನಳ ಹಾಕಿದ್ರ ನಾಳೆ ಸರಕಾರದವ್ರು ಕೇಳೂದಿಲ್ಲೇನು?"

"ಮೊದಲನೇದು ಎಲ್ಲೈತೋ ಅಲ್ಲಿಂದ ತರ್ರಿ."

ಸಾವಕಾರರು ಭಟ್ಟಿಯ ಉರಿ ನೋಡಿದರು. ಉರಿಗೋ ಏನೋ, ಬೆವತರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅಡಿವೆಯ್ಯನವರು ಕೆಮ್ಮಿ, ಸುತ್ತೋಲೆಯ ಕೊನೆಯ ಕಲಮನ್ನು ನೆನಪಿಸಿದರು: ಸಭೆಗೆ ಹಾಜರಾಗುವ ಸಾರ್ವಜನಿಕರಿಗೆ ಕುಡಿಯುವ ನೀರಿನ ಅನುಕೂಲ ಮಾಡತಕ್ಕದ್ದು. ಓಣಿಗೆ ನಳ ಸಾಧ್ಯವಿಲ್ಲ. ಆದರೆ ಸಭಾಗೃಹದಲ್ಲಿ, ಸಾರ್ವಜನಿಕರ ಕುರ್ಚಿಯ ಮಗ್ಗುಲಿಗೆ, ಒಂದು ನಳ ಅವಶ್ಯ ಸಾಧ್ಯ. ಸಾರ್ವಜನಿಕರು ಸಾರ್ವಜನಿಕರಾಗಿರುವುದು ಸಭೆ ನಡೆಯುವಾಗ ಮಾತ್ರವಾದ್ದರಿಂದ, ನೀರೂ ಸಭೆ ನಡೆಯುವಾಗ ಮಾತ್ರ.

ಕೆಂಚವ್ವ ಸೌಟಿನಿಂದ ಬಿಸಿ ಮರಳು ಕೆದರಿದಳು. ಹೊರಗೆ ಓಣಿಯ ಹೆಂಗಸರು ಕೊಡ ಹೊತ್ತವರು ಹೊತ್ತಂತೆಯೇ ನಿಂತಿದ್ದರು.

"ನಾ ಒಬ್ಬಾಕಿ ಕುಡದ್ರ ಓಣಿ ನೀರಡಿಕಿ ಹೋಗೂದಿಲ್ಲ. ನಮ್ಮ ಓಣ್ಯಾಗಿನ ಅಷ್ಟೂ ಮಂದಿ ಸಾರ್ವಜನಿಕರಾಗಬೇಕು. ಮತ್ತ ಮನಿಶ್ಯಾಗ ದಿನಾ ನೀರು ಬೇಕಾಕ್ಕಾವ. ಸಭಾ ದಿನಾ ಆಗಬೇಕು."

"ದಿನಾ ಸಭಾ?" ಎಂದು ಸಾವಕಾರರು ಹುಬ್ಬು ಗಂಟಿಕ್ಕಿದರು. ಆಮೇಲೆ, ದಿನಾ ಸಭೆಯೆಂದರೆ ದಿನಾ ಭತ್ತೆ ಎಂಬುದು ಹೊಳೆದು, ಆ ಗಂಟು ತಾನಾಗಿಯೇ ಬಿಚ್ಚಿಕೊಂಡಿತು. "ಜನಸೇವೆಗಿ ನಾವು ಎಂದ ಇಲ್ಲಂದೇವಬೇ?" ಎಂದರು.

ಅಂದಿನಿಂದ ತೇಗಿನಗಟ್ಟಿ ಪುರಸಭೆ ಬೆಳಗಿನ ಆರು ಗಂಟೆಗೆ ಸೇರತೊಡಗಿತು. ಓಣಿಯ ಹೆಂಗಸರೆಲ್ಲ ಗೌರವ ಸಾರ್ವಜನಿಕರಾದರು. ಗುರುತಿಗೆ ಕೊಡ ತಂದರೆ ಸಾಕು. ಅಧ್ಯಕ್ಷರು ಸಭೆ ಆರಂಭವಾಯಿತೆಂದ ಕೂಡಲೇ ಮಲಕಪ್ಪ ನಳ ತಿರುವುತ್ತಿದ್ದ. ಚರ್ಚೆಗೆ ವಿಷಯಗಳು ಒಂದು ವಾರದಲ್ಲಿ ಮುಗಿದುಹೋದವು. ಆಮೇಲೆ ಹಿಂದಿನ ದಿನದ ಸಭೆಯ ಬಗ್ಗೆ ಚರ್ಚೆ ನಡೆಯಿತು, ಅದರ ಮರುದಿನ ಆ ಚರ್ಚೆಯ ಬಗ್ಗೆ. ನೀರಿನ ಧಾರೆ ಸಣ್ಣದಾದ ದಿನ ಚರ್ಚೆ ಉದ್ದವಾಗುತ್ತಿತ್ತು. ಸದಸ್ಯರೊಬ್ಬರು ಹೊಲದ ಕೆಲಸವಿದೆಯೆಂದು ಎದ್ದರೆ ಕೆಂಚವ್ವ, "ಕೂಡ್ರಪಾ, ಶಂಕ್ರೆವ್ವನ ಕೊಡಾ ಇನ್ನೂ ಅರ್ಧಾ ಆಗಿಲ್ಲ" ಎನ್ನುತ್ತಿದ್ದಳು. ನೌಕರರು ಕೊಡದ ಬಗ್ಗೆ ಮಾತನಾಡಕೂಡದೆಂದು ನಿಯಮವಿರಲಿಲ್ಲ. ಸದಸ್ಯರು ಕುಳಿತುಕೊಳ್ಳುತ್ತಿದ್ದರು.

ಇಷ್ಟು ಸಭೆ ನಡೆಸಿದ ಪುರಸಭೆ ಜಿಲ್ಲೆಯಲ್ಲಿಯೇ ಇಲ್ಲವೆಂದು ಪ್ರಾಂತ ಸಾಹೇಬರು ಒಂದು ಬೆಳಿಗ್ಗೆ ಜೀಪಿನಲ್ಲಿ ತಪಾಸಣೆಗೆ ಬಂದರು. ಸಭಾಗೃಹ ತುಂಬಿ ವರಾಂಡದವರೆಗೆ ಜನ ನಿಂತದ್ದನ್ನು ಕಂಡು ಅವರ ಕಣ್ಣು ತೇವವಾಯಿತು. ಠರಾವು ಪುಸ್ತಕ ತರಿಸಿ ಅಲ್ಲೊಂದು ಇಲ್ಲೊಂದು ಹಾಳೆ ತಿರುವಿದರು. ಒಂದು ಕಡೆ ಬೆರಳಿಟ್ಟು, ಕುರ್ಚಿಯಲ್ಲಿದ್ದ ಕೆಂಚವ್ವನತ್ತ ತಿರುಗಿದರು.

"ಭಟ್ಟಿ ಓಣಿಗೆ ನಳ ಹಾಕಿಸಿದ್ದಾಗಿ ಇಲ್ಲಿ ಬರೆದಿದೆ. ಇದೆಯೇನಮ್ಮ ನಳ?"

ಮೂರು ವರ್ಷದಿಂದ ಯಾರಾದರೂ ಕೇಳಲಿ ಎಂದು ಅವಳು ಕಾದಿದ್ದು ಇದೇ ಪ್ರಶ್ನೆಗೆ. ನಾಲಿಗೆಯ ತುದಿಯಲ್ಲಿ ಗಿರಣಿ, ಕೊಳವೆ, ಪೇಢೆ ಎಲ್ಲ ಬಂದು ನಿಂತವು. ಅಡಿವೆಯ್ಯನವರು ಅವಳ ಕಿವಿಯ ಹತ್ತಿರ ಬಾಗಿ, ಬೆದರಿಕೆಯೇನೂ ಇಲ್ಲದೆ, ಬರೀ ಮಾಹಿತಿಗಾಗಿ ಹೇಳಿದರು: "ಇಲ್ಲ ಅಂದ್ರ ವಿಚಾರಣಿ, ಚೌಕಶಿ ಆಕ್ಕೇತಿ. ಚೌಕಶಿ ಮುಗಿಯೂತನಾ ಸಭಾ ಬಂದ್."

ಕೆಂಚವ್ವ ನಳದತ್ತ ನೋಡಿದಳು. ಈರಕ್ಕನ ಕೊಡದಲ್ಲಿ ನೀರು ಕುತ್ತಿಗೆಯವರೆಗೆ ಬಂದಿತ್ತು. ಹಿಂದೆ ಓಣಿಗೆ ಓಣಿಯೇ ಸರದಿಯಲ್ಲಿ ನಿಂತಿತ್ತು.

"ಐತ್ರಿ ಸಾಹೇಬ್ರ," ಎಂದಳು.

ಹೇಳಿ ಅವಳಿಗೆ ನಾಚಿಕೆಯಾಯಿತು. ಯಾರ ಮುಖವನ್ನೂ ನೋಡದೆ ಸೆರಗಿನಿಂದ ಕುರ್ಚಿಯ ಕೈ ಒರೆಸಿದಳು. ಸಾಹೇಬರು ಸಂತೋಷದಿಂದ ಷರಾ ಬರೆದು ಸಹಿ ಮಾಡಿದರು: ತೇಗಿನಗಟ್ಟಿಯ ಜನ ಬೆಳಕು ಹರಿಯುವ ಮೊದಲೇ ಎದ್ದು ಆಡಳಿತದಲ್ಲಿ ಪಾಲ್ಗೊಳ್ಳುತ್ತಾರೆ, ಇದಕ್ಕೆ ಸಭಾಗೃಹದ ನಳ ನೆರವಾದಂತೆ ಕಾಣುತ್ತದೆ, ಉಳಿದ ಊರುಗಳೂ ಈ ಕ್ರಮವನ್ನು ಅನುಸರಿಸತಕ್ಕದ್ದು.

ಮಳೆಗಾಲ ಮುಗಿಯುವ ಹೊತ್ತಿಗೆ ಮುಂಡಗೋಡದ ಆಚೆ ಕೊಟ್ಟಿದ್ದ ಕೆಂಚವ್ವನ ತಂಗಿ ಮಾಲವ್ವ ಅಕ್ಕನ ಮನೆಗೆ ಬಂದಳು. ಅವಳ ಓಣಿಯಲ್ಲಿ ಬಹಳ ವರ್ಷದಿಂದ ಒಂದು ನಳವಿತ್ತು, ಮನೆಯ ಬಾಗಿಲಿಗೇ ನೀರು. ಅದನ್ನು ಹೋದ ವಾರ ಕಿತ್ತು ಸಭಾಗೃಹಕ್ಕೆ ಒಯ್ದರಂತೆ. ಮೇಲಿನವರ ಆದೇಶವಂತೆ. ಮಾಲವ್ವ ಅದಕ್ಕೆ ಅಳಲಿಲ್ಲ, ಬೈಯಲಿಲ್ಲ.

"ನಾವೂ ಸಾರ್ವಜನಿಕರಾಗಬೇಕಂದ್ರ ಯಾರಿಗಿ ಅರ್ಜಿ ಕೊಡಬೇಕಕ್ಕಾ?" ಎಂದು ಕೇಳಿದಳು.

ಕೆಂಚವ್ವ ತಂಗಿಗೆ ಚುರಮರಿ ಕಲಸಿ ಕೊಟ್ಟು, ತನಗೆ ತಿಳಿದಷ್ಟನ್ನು ತಿಳಿದಂತೆ ಹೇಳಿದಳು: "ಹೆಡ್ ಕಾರಕೂನಗ ಕೊಡು. ಮತ್ತ ಹೋಗುವಾಗ ದೊಡ್ಡ ಕೊಡಾ ಒಯ್ಯವಾ. ಸಣ್ಣ ಕೊಡಾ ಇದ್ರ ಸಭಾ ಲಗೂನ ಮುಗಸ್ತಾರ."