ಅಂಗೈ ಪರೀಕ್ಷೆ

ಹಳೆಯ ಸಾದಾ ಎಲೆಕ್ಟ್ರಿಕ್ ಗಿಟಾರನ್ನು ಕೊಟ್ಟು ಡಿಜಿಟಲ್ ಗಿಟಾರ್ ತಂದ ದಿನದಿಂದ ಲಾಂಡ್ರಿಯವನಿಗೆ ನೆಮ್ಮದಿ ಇರಲಿಲ್ಲ. ಒಳಗೆ ಬ್ಯಾಟರಿಯಿಂದ ನಡೆಯುವ ಚಿಪ್ ಇದ್ದ ಈ ಗಿಟಾರು ಗುಂಡಿ ತಿರುಗಿಸಿದಂತೆಲ್ಲ ಬೇರೆ ಬೇರೆ ಗಿಟಾರುಗಳ ದನಿ ತೆಗೆಯುತ್ತಿತ್ತು. ತೆಗೆಯಲಿ, ಯಾರು ಬೇಡವೆಂದರು? ತಕರಾರು ಎದ್ದದ್ದು ಪಾಮ್ ಮ್ಯೂಟ್ ಎಂಬ ಒಂದೇ ವಿಷಯಕ್ಕೆ.

ಬಲ ಅಂಗೈಯ ಅಂಚನ್ನು ತಂತಿಗಳ ಬುಡಕ್ಕೆ ಹಗುರಾಗಿ ಒತ್ತಿ ಮೀಟಿದರೆ ಸ್ವರ ಪೂರ್ತಿ ಬಾಯಿ ಬಿಡದೆ ಗಂಟಲಲ್ಲೇ ಗುರುಗುಡುತ್ತದೆ. ಅದೇ ಪಾಮ್ ಮ್ಯೂಟ್. ದಿನವಿಡೀ ಕಾಲರುಗಳನ್ನು ಅಂಗೈಯಲ್ಲಿ ಸವರಿ ಇಸ್ತ್ರಿ ಮಾಡುವವನಿಗೆ ಇದು ನೀರು ಕುಡಿದಷ್ಟು ಸಲೀಸು. ಬೀದಿಯ ವಾದ್ಯತಂಡದಲ್ಲಿ ಅವನಿಗೆ ಜಾಗ ಸಿಕ್ಕಿದ್ದೂ ಆ ಅಂಗೈಯಿಂದಲೇ. ಆದರೆ ಹೊಸ ಗಿಟಾರಿನ ಚಿಪ್ಪಿಗೆ ಸದ್ದು ಹಿಡಿದುಕೊಡುವ ಕಿವಿಗಳಿರುವುದೇ ತಂತಿಗಳ ಬುಡದಲ್ಲಿ. ಅಂಗೈ ತಾಗಿದ ಸದ್ದನ್ನೂ ಅದು ಸ್ವರವೆಂದೇ ಬಗೆದು ‘ಧಬ್’ ಎಂದು ಹೊರಗೆ ಎಸೆಯುತ್ತಿತ್ತು.

ತಂಡದ ಯಜಮಾನರು ಟೈರ್ ಅಂಗಡಿಯ ಭಾವ, ಅಂದರೆ ಅವನ ಅಕ್ಕನ ಗಂಡ. ಹಿಂದಿನ ವಾರ ಅಭ್ಯಾಸದ ನಡುವೆ ಅವರು ಡ್ರಮ್ಮಿನ ಕಡ್ಡಿಗಳನ್ನು ಕೆಳಗಿಟ್ಟಿದ್ದರು.

“ಏನೋ ಇದು? ಯಾರೋ ಬಾಗಿಲು ಬಡಿದ ಹಾಗಿದೆ.”

“ಕಿವಿ ಹಳೇದಾದ್ರೆ ಹಾಗೇ ಕೇಳ್ಸೋದು ಭಾವ.”

“ನನ್ನ ಕಿವಿಗೇ ಬಂದ್ಯಾ? ಸರಿ. ಶನಿವಾರ ಸಂಜೆ ಪರದೆ ಹಿಂದೆ ಕೂತು ನುಡಿಸು. ಕಾಂಪೌಂಡರ್ ಅವನ ಸಾದಾ ಗಿಟಾರಲ್ಲಿ ಅದನ್ನೇ ನುಡಿಸ್ಲಿ. ಯಾವುದು ಯಂತ್ರ ಅಂತ ನಮಗೆ ಗೊತ್ತಾಯ್ತೋ, ನಿನ್ನ ಜಾಗ ಅವನದು.”

ಕಾಂಪೌಂಡರ್ ಹಲ್ಲಿನ ಆಸ್ಪತ್ರೆಯವನು. ತಂಡದಲ್ಲೊಂದು ಜಾಗಕ್ಕಾಗಿ ಬಹಳ ದಿನದಿಂದ ಕಾಯುತ್ತಿದ್ದವನು. ಮೂಲೆಯಲ್ಲಿ ಕೂತು ಅಭ್ಯಾಸ ಕೇಳುತ್ತಿದ್ದ ಅವನು “ಏನೇ ಆದ್ರೂ ಕೈಚಳಕ ಬೇಕಲ್ವಾ ಅಣ್ಣ?” ಎಂದು ಹಲ್ಲು ಕಿರಿದ. ಲಾಂಡ್ರಿಯವನಿಗೆ ಪಿತ್ತ ನೆತ್ತಿಗೇರಿತು.

“ಕೈಯಲ್ಲೇನಿದೆ ಮಣ್ಣು? ಎಲ್ಲಾ ಅದರೊಳಗಿನ ಮೆದುಳೇ ನೋಡ್ಕೊಳುತ್ತೆ. ಯಾರು ನುಡಿಸಿದ್ರೂ ಒಂದೇ.”

ಭಾವ ತಲೆಯಾಡಿಸಿದರು. ಕಡ್ಡಿಗಳನ್ನು ಮತ್ತೆ ಎತ್ತಿಕೊಂಡರು. ಅವರು ವಾದ ಮಾಡದೆ ಒಪ್ಪಿದರೆ ಹೆದರಬೇಕು ಎಂಬುದು ಲಾಂಡ್ರಿಯವನಿಗೆ ಆಗ ಹೊಳೆಯಲಿಲ್ಲ.

ಶನಿವಾರ ಬೆಳಗ್ಗೆ ಅವನು ಅಂಗಡಿಯ ಹಿಂದಿನ ಕೋಣೆಯಲ್ಲಿ, ಬಟ್ಟೆ ಒಗೆಯುವ ಮೆಷಿನ್ನಿನ ಪಕ್ಕ, ಸ್ಪೀಕರನ್ನು ಗೋಡೆಗೊರಗಿಸಿ ಅಭ್ಯಾಸಕ್ಕೆ ಕೂತ. ಅಂಗೈಯನ್ನು ಮುಂದೆ ಸರಿಸಿದ, ಹಿಂದೆ ಸರಿಸಿದ, ಬೆರಳ ತುದಿಯಲ್ಲೇ ಒತ್ತಿ ನೋಡಿದ. ಧಬ್. ಗುಂಡಿ ತಿರುಗಿಸಿದ. ಬೇರೆ ದನಿಯಲ್ಲಿ ಧಬ್. “ನೀನಾ ನಾನಾ ನೋಡೇಬಿಡೋಣ” ಎಂದು ಹಲ್ಲು ಕಚ್ಚಿ ಇನ್ನೂ ಜೋರಾಗಿ ಮೀಟಿದ.

ಮಹಡಿಯಿಂದ ವಾಲ್ವಣ್ಣ ಸ್ಪ್ಯಾನರ್ ಹಿಡಿದು ಇಳಿದು ಬಂದರು. ಅವರು ನಿವೃತ್ತ ಪ್ಲಂಬರ್. ಕೆಲಸ ಬಿಟ್ಟರೂ ಕಟ್ಟಡದ ಯಾವ ಪೈಪನ್ನೂ ಬಿಟ್ಟಿರಲಿಲ್ಲ.

“ಪೈಪಲ್ಲಿ ಗಾಳಿ ಸೇರ್ಕೊಂಡಿದೆ. ಕೇಳಿಸ್ತಾ ನಿನಗೆ?”

“ಅದು ಗಾಳಿ ಅಲ್ಲ ವಾಲ್ವಣ್ಣ, ಅದು ನನ್ನ...” ಎಂದವನು ಅಲ್ಲಿಗೇ ನಾಲಿಗೆ ಕಚ್ಚಿಕೊಂಡ. ಸಂಜೆ ಭಾವನ ಜೊತೆ ತೀರ್ಪು ಹೇಳಲು ಕೂರುವವರು ಇದೇ ವಾಲ್ವಣ್ಣ. ಇದು ಗಿಟಾರಿನ ಸದ್ದೆಂದು ಈಗ ಒಪ್ಪಿಕೊಂಡರೆ ಪರೀಕ್ಷೆ ಇಲ್ಲೇ ಮುಗಿದಂತೆ.

“ನಿನ್ನ ಏನು?”

“ನನ್ನ ಕಡೆ ಪೈಪೇ ಇರ್ಬೇಕು. ಗಾಳೀನೇ. ಖಂಡಿತ ಗಾಳಿ.”

ವಾಲ್ವಣ್ಣನಿಗೆ ಪರಮಾನಂದವಾಯಿತು. ನೇರ ಹೋಗಿ ಕಟ್ಟಡದ ದೊಡ್ಡ ವಾಲ್ವನ್ನೇ ಮುಚ್ಚಿ, ಗೋಡೆಯ ಪೈಪುಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು. ಬಟ್ಟೆ ಮೆಷಿನ್ನು ಹೊಟ್ಟೆ ತುಂಬ ನೊರೆ ಇಟ್ಟುಕೊಂಡು ನಿಂತುಬಿಟ್ಟಿತು. ಒಳಗಿದ್ದದ್ದು ಹಲ್ಲಿನ ಆಸ್ಪತ್ರೆಯ ಬಿಳಿ ಕೋಟುಗಳು. ಮಧ್ಯಾಹ್ನ ಅವನ್ನು ಒಯ್ಯಲು ಬಂದ ಕಾಂಪೌಂಡರ್, ಸೋಪು ಸುರಿಯುವ ಕೋಟೊಂದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, “ಪರವಾಗಿಲ್ಲ ಅಣ್ಣ, ಸಂಜೆ ಸಿಗೋಣ” ಎಂದು ಮೆತ್ತಗೆ ಹೇಳಿ ಹೋದ. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಹೆಂಡತಿಯ ಮುಖ ಕೆಂಪಗಾಗಿತ್ತು. “ಅದು ಪೈಪಲ್ಲ, ನನ್ನ ಗಿಟಾರು ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?”

“ಪ್ರಾಣ ಹೋದ್ರೂ ಹೇಳಲ್ಲ.”

ಪಕ್ಕದ ಕಟ್ಟಡದಿಂದ ಬಕೆಟ್ಟುಗಳಲ್ಲಿ ನೀರು ಹೊತ್ತು ಹೊತ್ತು ಅವನ ಸೊಂಟ ಬಿದ್ದುಹೋಯಿತು. ಸಂಜೆ ಹೊರಡುವ ಹೊತ್ತಿಗೆ ಹೆಂಡತಿ ತಾನಾಗಿಯೇ ಗಿಟಾರನ್ನು ಒರೆಸಿ ಚೀಲಕ್ಕೆ ಹಾಕಿ ಬಾಗಿಲ ಬಳಿ ಇಟ್ಟಿದ್ದಳು. “ಹೋಗಿ ಬನ್ನಿ” ಎಂದಳು. ಮದುವೆಯಾದಾಗಿನಿಂದ ಆ ಚೀಲವನ್ನು ಮುಟ್ಟದವಳು. ಲಾಂಡ್ರಿಯವನ ಕಣ್ಣು ತುಂಬಿ ಬಂತು.

ಟೈರ್ ಅಂಗಡಿಯ ಹಿಂಭಾಗದಲ್ಲಿ ಹಗ್ಗಕ್ಕೆ ಎರಡು ಬೆಡ್‌ಶೀಟ್ ಇಳಿಬಿಟ್ಟು ಪರದೆ ಮಾಡಿದ್ದರು. ಈಚೆ ಭಾವ ಮತ್ತು ವಾಲ್ವಣ್ಣ ಟೈರುಗಳ ಮೇಲೆ ಕೂತರು. ಮೊದಲು ಕಾಂಪೌಂಡರ್ ನುಡಿಸಿದ. ಗಾಬರಿಗೆ ಅಂಗೈ ಒತ್ತಿದ್ದು ಹೆಚ್ಚಾಗಿ ತಂತಿಗಳು ಸೂಜಿಮದ್ದು ತಗೊಂಡ ಒಸಡಿನ ಹಾಗೆ ಮರಗಟ್ಟಿದವು. ಆಮೇಲೆ ಲಾಂಡ್ರಿಯವನ ಸರದಿ. ಆಗಿದ್ದಾಗಲಿ ಎಂದು ಕಣ್ಣು ಮುಚ್ಚಿ, ಅಂಗೈ ಊರಿ, ಮೀಟಿದ.

ಧಬ್ ಎನ್ನಲಿಲ್ಲ.

ಸ್ವರ ಗಂಟಲಲ್ಲೇ ಗುರುಗುಟ್ಟಿತು. ಒಂದೊಂದು ಪೆಟ್ಟೂ ಇಸ್ತ್ರಿ ಮಾಡಿದಷ್ಟು ನೀಟಾಗಿ ಬಂತು. ಕೊನೆಗೂ ಮೊಂಡು ಗಿಟಾರು ಬಗ್ಗಿತಲ್ಲ ಎಂದು ಅವನಿಗೆ ಮೈಯೆಲ್ಲ ಖುಷಿಯಾಯಿತು.

“ಎರಡನೇದು ಅಪ್ಪಟ ಸಾದಾ ಗಿಟಾರು,” ಎಂದರು ವಾಲ್ವಣ್ಣ. “ಮೊದಲನೇದು ಯಂತ್ರ. ಕಸ ಕಟ್ಕೊಂಡ ಪೈಪಿನ ಹಾಗಿತ್ತು.”

“ನನಗೂ ಹಾಗೇ ಅನ್ನಿಸ್ತು,” ಎಂದರು ಭಾವ.

ಲಾಂಡ್ರಿಯವನು ಪರದೆ ಸರಿಸಿ ಎದೆಯುಬ್ಬಿಸಿ ನಿಂತ. “ಕಣ್ಣು ಬಿಟ್ಟು ನೋಡಿ ಭಾವ. ಎರಡನೇದೇ ಯಂತ್ರ.”

ಭಾವ ಗಿಟಾರನ್ನು ದಿಟ್ಟಿಸಿದರು. “ಸೋತೆ ಕಣೋ. ಯಂತ್ರ ಗೆದ್ದಿದೆ, ಇನ್ನು ತಂಡದಲ್ಲಿ ಅದೇ ಇರ್ಲಿ. ಕಾಂಪೌಂಡರ್, ಬಾ, ತಗೋ ಇದನ್ನ.”

“ಅವನ್ಯಾಕೆ ತಗೋಬೇಕು?”

“ಯಾರು ನುಡಿಸಿದ್ರೂ ಒಂದೇ ಅಂದವನು ನೀನೇ ತಾನೆ? ಅವನು ಹೊತ್ತಿಗೆ ಸರಿಯಾಗಿ ಬರ್ತಾನೆ. ನೀನು ಗಿರಾಕಿ ಬಂದ್ರು ಅಂತ ತಡ ಮಾಡ್ತೀಯ. ಮೇಲಾಗಿ ಅವನು ನನ್ನ ಕಿವಿ ಸುದ್ದಿಗೆ ಬರಲ್ಲ. ಗಿಟಾರು ನಿನ್ನದೇ, ಯಾರೂ ಕಿತ್ಕೊಳ್ಳಲ್ಲ. ಇಲ್ಲೇ ಇರುತ್ತೆ ಅಷ್ಟೆ.”

ಅವನು ಏನಾದರೂ ಅನ್ನುವ ಮುಂಚೆ ಹಿಂಬಾಗಿಲಿಂದ ಹೆಂಡತಿ ಏದುಸಿರು ಬಿಡುತ್ತ ಬಂದು ಅವನನ್ನು ಪರದೆಯ ಹಿಂದಕ್ಕೆ ಎಳೆದಳು. ಅವಳ ಕೈಯಲ್ಲಿ ಗಿಟಾರಿನ ಬ್ಯಾಟರಿಯಿತ್ತು.

“ಕೋಪಕ್ಕೆ ತೆಗೆದಿಟ್ಕೊಂಡಿದ್ದೆ ರೀ,” ಎಂದು ಪಿಸುಗುಟ್ಟಿದಳು. “ಇದಿಲ್ಲದೆ ಹೇಗೆ ಬಾರಿಸ್ತಾರೋ ನೋಡೋಣ ಅಂತ. ಆಮೇಲೆ ಮನಸ್ಸು ತಡೀಲಿಲ್ಲ. ಸೋತುಬಿಟ್ರಾ?”

ಲಾಂಡ್ರಿಯವನು ಬ್ಯಾಟರಿಯನ್ನೇ ನೋಡುತ್ತ ನಿಂತ. ಬ್ಯಾಟರಿ ಇಲ್ಲದಿದ್ದರೆ ಅದರ ಮೆದುಳು ಮಲಗಿರುತ್ತದೆ. ಆಗ ಅದೂ ಸ್ಪೀಕರಿಗೆ ನೇರ ದನಿ ಕಳಿಸುವ ಒಂದು ಸಾದಾ ಎಲೆಕ್ಟ್ರಿಕ್ ಗಿಟಾರೇ. ಗೆದ್ದಿದ್ದು ಯಂತ್ರವಲ್ಲ, ಅವನ ಅಂಗೈ. ಹೋಗಿ ಹಾಗೆಂದು ಹೇಳಿದರೆ ಭಾವ ಬ್ಯಾಟರಿ ಹಾಕಿ ಮತ್ತೆ ನುಡಿಸು ಎನ್ನುತ್ತಾರೆ. ನುಡಿಸಿದರೆ ಅದು ಧಬ್ ಎನ್ನುತ್ತದೆ. ಆಗಲೂ ಜಾಗ ಕಾಂಪೌಂಡರಿಗೇ. ಮೇಲಾಗಿ ಭಾವನ ಎದುರು ತಲೆ ತಗ್ಗಿಸುವುದು ಅವನ ಜಾಯಮಾನವಲ್ಲ.

ಬ್ಯಾಟರಿಯನ್ನು ಗಿಟಾರಿನ ಬೆನ್ನಿಗೆ ತಾನೇ ತುರುಕಿ ಮುಚ್ಚಳ ಹಾಕಿದ. ಹೊರಗೆ ಬಂದು ಗಿಟಾರನ್ನು ಕಾಂಪೌಂಡರನ ಕೈಗಿತ್ತ.

“ತಗೋ. ನೀನೇನೂ ಮಾಡ್ಬೇಕಾಗಿಲ್ಲ. ಎಲ್ಲಾ ಅದೇ ನೋಡ್ಕೊಳುತ್ತೆ.”

ಗಂಡ ಹೆಂಡಿರು ಬೀದಿಯ ತಿರುವು ದಾಟುವಷ್ಟರಲ್ಲಿ ಹಿಂದಿನಿಂದ ಕೇಳಿಸಿತು: ಧಬ್. ಧಬ್. ಅದರ ಬೆನ್ನಿಗೇ ವಾಲ್ವಣ್ಣನ ಸಂಭ್ರಮದ ದನಿ. “ನೋಡಿದ್ರಾ, ಇಲ್ಲಿಗೂ ಬಂತು ಗಾಳಿ. ಈ ಅಂಗಡೀದು ಮೇನ್ ವಾಲ್ವ್ ಎಲ್ಲಿದೆ?”

ಲಾಂಡ್ರಿಯವನು ತಿರುಗಿ ನೋಡಲಿಲ್ಲ. “ಏನೇ ಹೇಳು, ಗೆದ್ದಿದ್ದು ಮಾತ್ರ ನನ್ನ ಗಿಟಾರೇ.”

“ಹೌದು ಮಾರಾಯ್ರೇ,” ಎಂದಳು ಹೆಂಡತಿ. “ವಾಲ್ವಣ್ಣ ಅಲ್ಲೇ ಉಳಿದ್ರು, ನಮ್ಮನೇಲಿ ಇನ್ನೂ ನೀರಿಲ್ಲ. ಬಕೆಟ್ ತಗೊಳ್ಳಿ.”